ಬೀಗರ ಊರಿನ ಏರು ಮತ್ತು ನನ್ನ ಫಿಯಟ್

ಫೆಬ್ರವರಿ 21, 1999, ಭಾನುವಾರ

ಇವತ್ತು ನನ್ನ ಮರ್ಯಾದೆಗೆ ಹಗ್ಗ ಕಟ್ಟಿ ಬೀಗರ ಅಂಗಳದವರೆಗೂ ಎಳೆದುಕೊಂಡು ಹೋದರು. ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಚಂದ್ರಿಕಾ ಬಸುರಿ, ಹೊಂಗಡಹಳ್ಳದ ಗಂಡನ ಮನೆಯಲ್ಲಿದ್ದಾಳೆ. ಅವಳನ್ನು ನೋಡಿ ಬರೋಣ ಅಂತ ನಾಗರತ್ನ ಕಜ್ಜಾಯ, ಚಕ್ಕುಲಿ, ರವೆ ಉಂಡೆ ಎಲ್ಲ ಮಾಡಿ ಡಬ್ಬ ತುಂಬಿಸಿದ್ದಳು. ನಾನು ನಿನ್ನೆಯೇ ಆಲೂರಿನ ಬಂಕಿಗೆ ಹೋಗಿ ಟ್ಯಾಂಕಿನ ಬಾಯಿ ತನಕ ಪೆಟ್ರೋಲ್ ಹಾಕಿಸಿದ್ದೆ. ಊರೊಳಗೆ ಓಡಾಡಲು ಒಂದು ಕ್ಯಾನು ಸಾಕು, ಆದರೆ ಬೀಗರ ಊರಿಗೆ ಖಾಲಿ ಟ್ಯಾಂಕಿನಲ್ಲಿ ಹೋಗುವ ಜನ ನಾವಲ್ಲ. ನಮ್ಮೂರು ಮಗ್ಗೆಯಿಂದ ಯಸಳೂರಿನ ತನಕ ಕಾರು ಹಾಡಿಕೊಂಡು ಬಂತು. ಯಸಳೂರು ದಾಟಿದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿದು, ಸೇತುವೆ ದಾಟಿ, ಮತ್ತೆ ಹತ್ತುತ್ತದೆ. ಆ ಏರಿನ ಮಧ್ಯದಲ್ಲಿ ಎರಡು ಸಲ ಕೆಮ್ಮಿತು, ನಿಂತಿತು. ಸೆಲ್ಫ್ ಎಷ್ಟು ತಿರುಗಿಸಿದರೂ ಇಲ್ಲ.

ನಮ್ಮ ಬೀಗರು ನಂಜುಂಡಯ್ಯನವರು ಅದೇ ಹೊತ್ತಿಗೆ ಜೀಪಿನಲ್ಲಿ ಬರಬೇಕೆ? ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ ಬೀಗ್ರೇ, ಕಾರಿಗೂ ಮಂಡಿನೋವು ಶುರುವಾಯ್ತಾ?" ಅಂದರು. ಜೀಪಿನ ಹಿಂದಕ್ಕೆ ನನ್ನ ಫಿಯಟ್ಟನ್ನು ಕಟ್ಟಿದರು. ಎಳೆಸಿಕೊಳ್ಳುವಾಗ ಸ್ಟೀರಿಂಗ್ ಹಿಡಿದು ಕೂತವನು ನಾನು. ಕಾಫಿ ಕಣದಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತು ನೋಡಿದರು.

ಅಂಗಳದಲ್ಲಿ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಬೆತ್ತದ ಕಡ್ಡಿ ಇಳಿಬಿಟ್ಟು ನೋಡಿದೆ. ಪೆಟ್ರೋಲ್ ತೋರಿಸುವ ಮುಳ್ಳು ಸತ್ತು ವರ್ಷಗಳಾದವು, ಈ ಕಡ್ಡಿಯೇ ನನಗೆ ಮುಳ್ಳು. ಪೆಟ್ರೋಲ್ ಧಾರಾಳವಾಗಿ ಇತ್ತು. ಸುಮ್ಮನೆ ಸೆಲ್ಫ್ ತಿರುಗಿಸಿದರೆ ತಟ್ಟನೆ ಸ್ಟಾರ್ಟ್ ಆಗಿಬಿಟ್ಟಿತು. "ನಮ್ಮನೆ ಸಾರಿನ ವಾಸ್ನೆಗೆ ಜೀವ ಬಂತು ನೋಡಿ" ಅಂತ ನಂಜುಂಡಯ್ಯನವರು ನಕ್ಕರು. ಅವರ ಮನೆಯವರು ಇಂದ್ರಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಇದು ಅರವತ್ತೆರಡನೇ ಇಸವಿಯ ಫಿಯಟ್. ಎಸ್ಟೇಟಿನ ದೊರೆ ಊರು ಬಿಟ್ಟು ಹೋಗುವಾಗ ನಮ್ಮಪ್ಪ ತೆಗೆದುಕೊಂಡದ್ದು. ಮಜ್ಜಿಗೆ ಬಣ್ಣ ಇರುವುದಕ್ಕೆ ಮಗ್ಗೆಯಲ್ಲಿ ಎಲ್ಲರೂ ಮಜ್ಜಿಗೆ ಕಾರು ಅನ್ನುತ್ತಾರೆ. ಇದರಲ್ಲಿ ನನ್ನ ಕೈ ತಾಗದ ಜಾಗವಿಲ್ಲ. ಸೀಟು ಹೊಲಿದವನು ನಾನು. ಸಂಕ್ರಾಂತಿಗೆ ಬಂದಾಗ ಚಂದ್ರಿಕಾ ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆಗೆ ವಾಂತಿ ಮಾಡಿಕೊಂಡಳು ಅಂತ ಲಾರಿ ಟ್ಯೂಬು ಕತ್ತರಿಸಿ ಟ್ಯಾಂಕಿನ ಮುಚ್ಚಳಕ್ಕೆ ದಪ್ಪ ವಾಷರ್ ಕೂರಿಸಿದವನು ನಾನು. ಆಯುಧಪೂಜೆಯ ದಿನ ಬಾನೆಟ್ಟಿಗೆ, ಚಕ್ರಕ್ಕೆ, ಟ್ಯಾಂಕಿನ ಮುಚ್ಚಳಕ್ಕೆ ವಿಭೂತಿ, ಗಂಧ, ಕುಂಕುಮ ಹಚ್ಚುವುದಕ್ಕೂ ಇನ್ನೊಬ್ಬರನ್ನು ಬಿಟ್ಟವನಲ್ಲ. ಇಂಥ ಕಾರಿಗೆ ಮಂಡಿನೋವಂತೆ.

ಫೆಬ್ರವರಿ 24, ಬುಧವಾರ

ಆಲೂರಿನ ರವಿಯ ವರ್ಕ್‌ಶಾಪಿಗೆ ಹೋಗಿದ್ದೆ. ಹುಡುಗ ಒಳ್ಳೆಯವನು, ಕೈ ಚುರುಕು. "ಯಜಮಾನ್ರೇ, ಏರಲ್ಲಿ ನಿಲ್ತೈತೆ ಅಂದ್ರೆ ಪೆಟ್ರೋಲ್ ಸಾಲ್ದು ಅಂತ ಅರ್ಥ. ಪಂಪಿಂದೇ ಕಂಪ್ಲೇಂಟು" ಅಂದ. ಪೆಟ್ರೋಲ್ ಪಂಪು ಬಿಚ್ಚಿದ. ಒಳಗಿನ ರಬ್ಬರಿನ ಹಾಳೆ ಸ್ವಲ್ಪ ಸೆಟೆದುಕೊಂಡಿತ್ತು, ಹೊಸದು ಹಾಕಿದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಊದಿದ. ನಾನು ಪಕ್ಕದಲ್ಲೇ ನಿಂತು ಒಂದೊಂದು ಸ್ಕ್ರೂ ಲೆಕ್ಕ ಇಟ್ಟುಕೊಂಡೆ. ಆಲೂರು ಮಗ್ಗೆ ಓಡಾಡಿದೆ, ಒಂದು ಸಲವೂ ಕೆಮ್ಮಲಿಲ್ಲ. ನನ್ನ ಕಾರು ಕೆಟ್ಟಿರಲಿಲ್ಲ, ಒಂದು ಚೂರು ರಬ್ಬರು ಕೆಟ್ಟಿತ್ತು ಅಷ್ಟೆ.

ಮಾರ್ಚ್ 7, ಭಾನುವಾರ

ಮತ್ತೆ ನಿಂತಿತು. ಅದೇ ಏರು. ಈ ಸಲ ಬೀಗರ ಜೀಪು ಬರಲಿಲ್ಲ, ಅಷ್ಟು ಪುಣ್ಯ.

ರವಿ ಹೇಳಿಕೊಟ್ಟಿದ್ದ, ಬಿಸಿಲಿಗೆ ಎಂಜಿನ್ ಕಾದು ಪೈಪಿನೊಳಗೇ ಪೆಟ್ರೋಲ್ ಆವಿಯಾದರೂ ಹೀಗಾಗುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅಂತ. ಹಳ್ಳಕ್ಕೆ ಇಳಿದು ಟವಲು ನೆನೆಸಿಕೊಂಡು ಬಂದು ಹಾಕಿದೆ. ತಣ್ಣಗಾಗುವಷ್ಟರಲ್ಲಿ ಕಡ್ಡಿ ಹಾಕಿ ಪೆಟ್ರೋಲ್ ನೋಡಿದೆ. ಭರ್ತಿ ಇತ್ತು. ಆಮೇಲೆ ಸ್ಟಾರ್ಟ್ ಆಯಿತು. ಒದ್ದೆ ಬಟ್ಟೆಯೇ ಮದ್ದು ಅಂತ ಈಗ ಗೊತ್ತಾಯಿತು. ಇನ್ನು ಮೇಲೆ ಮೊದಲೇ ಸುತ್ತಿಕೊಂಡು ಹೊರಡುತ್ತೇನೆ.

ನಾಗರತ್ನ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, "ನಿಮ್ ಕಾರಿಗೆ ಜ್ವರ ಬಂದೈತೆ, ಹಣೆಗೆ ತಣ್ಣೀರ್ ಪಟ್ಟಿ ಹಾಕ್ತಾ ಇದೀರಿ. ನಂಗೆ ಜ್ವರ ಬಂದಾಗ ಹಾಕಿದ್ರಾ?" ಅಂದಳು. ನಾನು ಟವಲು ಹಿಂಡಿ ಬಾನೆಟ್ ಮುಚ್ಚಿದೆ.

ಮಾರ್ಚ್ 10, ಬುಧವಾರ

ನಂಜುಂಡಯ್ಯನವರು ನಮ್ಮ ದಿನಸಿ ಅಂಗಡಿಗೆ ಫೋನು ಮಾಡಿದ್ದರು. ಏಪ್ರಿಲ್ ಹನ್ನೊಂದಕ್ಕೆ ಸೀಮಂತ ಅಂತ ಗೊತ್ತು ಮಾಡಿದ್ದಾರೆ. ಅವತ್ತೇ ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಏಳನೇ ತಿಂಗಳು ಮುಗಿದರೆ ಎಂಟರಲ್ಲಿ ಹೊರಡಿಸುವ ಹಾಗಿಲ್ಲ, ಒಂಬತ್ತರಲ್ಲಿ ಆ ಘಾಟಿ ರಸ್ತೆಯಲ್ಲಿ ಕೂರಿಸಿಕೊಂಡು ಬರಲು ನನಗೇ ಧೈರ್ಯವಿಲ್ಲ. ಆಮೇಲೆ ಹೆರಿಗೆ ಅಲ್ಲೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ನಾವು ತಂದೆ ತಾಯಿ ಅಂತ ಯಾಕಿರಬೇಕು?

"ನಿಮ್ ಕಾರು ನಂಬ್ಕೊಂಡು ಕೂತ್ಕೋಬ್ಯಾಡಿ ಬೀಗ್ರೇ. ನಮ್ ಜೀಪಲ್ಲೇ ಬುಟ್ಟು ಬರ್ತೀವಿ" ಅಂದರು.

"ನನ್ ಮಗಳು ಮದುವೆಯಾಗಿ ಬಂದಿದ್ದು ನನ್ ಕಾರಲ್ಲಿ. ಬಾಣಂತನಕ್ಕೆ ಬರೋದೂ ಅದರಲ್ಲೇ" ಅಂದೆ.

"ಹಂಗಾದ್ರೆ ಯುಗಾದಿ ಊಟಕ್ಕೆ ಅದೇ ಕಾರಲ್ಲಿ ಬನ್ನಿ, ನೋಡನ. ದಾರೀಲಿ ಎಲ್ಲೂ ನಿಲ್ದೆ ಬರ್ಬೇಕು."

ಬರುತ್ತೇನೆ ಅಂತ ಫೋನು ಇಟ್ಟೆ.

ಮಾರ್ಚ್ 18, ಗುರುವಾರ, ಯುಗಾದಿ

ನಿಂತಿತು.

ಮಾರ್ಚ್ 19, ಶುಕ್ರವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಹೊರಟಿದ್ದೆ. ಹಳ್ಳದ ಏರಿನಲ್ಲಿ ನಿಂತಿತು. ಬಟ್ಟೆ ಇನ್ನೂ ಒದ್ದೆ ಇತ್ತು, ಹಾಗಾಗಿ ಶಾಖದ ಮಾತು ಸುಳ್ಳು. ಪಂಪಿನ ಹತ್ತಿರ ಪೈಪು ಬಿಚ್ಚಿ ಬಾಯಿಟ್ಟು ಎಳೆದೆ. ಪೆಟ್ರೋಲ್ ಬರುತ್ತಿಲ್ಲ, ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿ. ಟ್ಯಾಂಕಿನಲ್ಲಿ ಕಡ್ಡಿ ಹಾಕಿ ನೋಡಿದರೆ ಭರ್ತಿ. ಪೈಪು ಸಿಕ್ಕಿಸಿ ಸೆಲ್ಫ್ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಟಿತು. ಹೊಸ ಪಂಚೆಯ ಮೇಲೆಲ್ಲ ಮಸಿ. ನಡುವೆ ಹೊಂಗಡಹಳ್ಳದ ಬಸ್ಸು ನಮ್ಮನ್ನು ದಾಟಿ ಹೋಗಿತ್ತು, ನಾವು ಸೇರುವ ಮೊದಲೇ ಸುದ್ದಿ ಸೇರಿತ್ತು.

ಒಬ್ಬಟ್ಟು ಬಡಿಸಿ ಆದ ಮೇಲೆ ನಂಜುಂಡಯ್ಯನವರು ಮೆಲ್ಲಗೆ ಹೇಳಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಬೀಗ್ರೇ, ತಮಾಸೆ ಬುಡಿ. ಏಳ್ ತಿಂಗಳ ಬಸುರೀನ ಆ ಏರಲ್ಲಿ ಬಿಸಿಲಿಗೆ ನಿಲ್ಸೋಕೆ ನಂಗೆ ಮನಸ್ಸಿಲ್ಲ. ಜೀಪು ಎತ್ತಾಕ್ತೈತೆ ಅಂತ ಡಾಕ್ಟ್ರೂ ಬ್ಯಾಡ ಅಂದವ್ರೆ. ಹೆರಿಗೆ ಇಲ್ಲೇ ಆಗ್ಲಿ. ನೀವೂ ಅಮ್ಮೋರೂ ಬಂದು ಇರಿ, ಯಾರು ಬ್ಯಾಡ ಅಂತಾರೆ?"

ತಲೆ ಎತ್ತಲಾಗಲಿಲ್ಲ. ಚಂದ್ರಿಕಾ ಬಾಗಿಲಿನ ಪಕ್ಕ ನಿಂತಿದ್ದಳು. ನಾಗರತ್ನ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಮಾರ್ಚ್ 21, ಭಾನುವಾರ

ಬೆಳಿಗ್ಗೆ ಅಂಗಡಿಗೆ ಚಂದ್ರಿಕಾಳ ಫೋನು. ಊಟ ತಿಂಡಿ ವಿಚಾರಿಸುತ್ತಾಳೆ ಅಂದುಕೊಂಡೆ.

"ಅಪ್ಪಾಜಿ, ಕಾರು ಮೂರು ಸಲ ನಿಂತಾಗ್ಲೂ ನೀವು ಏನೇನು ಮಾಡುದ್ರಿ? ಒಂದೊಂದೇ ಹೇಳಿ."

"ಯಾಕೆ, ನೀನೇನು ವರ್ಕ್‌ಶಾಪ್ ಇಟ್ಟಿದೀಯಾ?"

"ಹೇಳಿ ಅಪ್ಪಾಜಿ. ನನ್ನ ಇಲ್ಲಿ ಕೂರ್ಸಿಬುಟ್ಟವ್ರೆ, ಲೋಟ ಎತ್ತೋಕೂ ಬಿಡಲ್ಲ. ನಿಂಗೂ ಇದೇ ಯೋಚ್ನೆ, ನಂಗೂ ಇದೇ ಯೋಚ್ನೆ."

ಮಗಳು ಯಾವಾಗಲೂ ನನ್ನನ್ನು ನೀವು ಅನ್ನುವವಳು, ಅವಸರದಲ್ಲಿ ನಿಂಗೂ ಅಂದಳು. ಮನಸ್ಸು ಮೆತ್ತಗಾಯಿತು, ಹೇಳಿದೆ. ಮೊದಲ ಸಲ ಎಳೆಸಿಕೊಂಡು ಹೋಗಿ ಅಂಗಳದಲ್ಲಿ ಕಡ್ಡಿ ಹಾಕಿ ನೋಡಿ ಸ್ಟಾರ್ಟ್ ಮಾಡಿದ್ದು. ಎರಡನೆಯ ಸಲ ಒದ್ದೆ ಬಟ್ಟೆ ಹಾಕಿ, ಕಡ್ಡಿ ನೋಡಿ ಸ್ಟಾರ್ಟ್ ಮಾಡಿದ್ದು. ಮೂರನೆಯ ಸಲ ಪೈಪು ಎಳೆದು, ಕಡ್ಡಿ ನೋಡಿ ಸ್ಟಾರ್ಟ್ ಮಾಡಿದ್ದು.

"ಕಡ್ಡಿ ಹಾಕೋಕೆ ಮುಂಚೆ ಯಾವತ್ತಾದ್ರೂ ಸ್ಟಾರ್ಟ್ ಆಗೈತಾ?"

"ಕಡ್ಡಿ ಹಾಕಿದ್ರೆ ಕಾರು ಓಡ್ತದೇನು ಮಗಾ? ಅದೇನು ಮಂತ್ರದ ಕಡ್ಡಿನಾ?"

"ಕಡ್ಡಿ ಅಲ್ಲ ಅಪ್ಪಾಜಿ. ಕಡ್ಡಿ ಹಾಕೋಕೆ ಮುಚ್ಚಳ ತೆಗೀತೀರಲ್ಲ. ಆಲೂರಿಗೆ ಹೋಗುವಾಗ ಟ್ಯಾಂಕ್ ತುಂಬುಸ್ತೀರಾ?"

"ಇಲ್ಲ. ಅಷ್ಟು ಹತ್ರಕ್ಕೆ ಯಾಕೆ?"

"ಅಂಗಡೀಲಿ ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಹೊಡೀತೀರಿ?"

"ಎರಡು. ಒಂದೇ ಹೊಡೆದ್ರೆ ಎಣ್ಣೆ ಸುರಿಯಲ್ಲ, ಗಾಳಿ ಒಳಗೆ ಹೋಗೋಕೆ..." ಅಂದವನು ಅಲ್ಲಿಗೇ ನಿಲ್ಲಿಸಿದೆ.

ಅವಳು ನಿಲ್ಲಿಸಲಿಲ್ಲ. "ಟ್ಯಾಂಕಿಗೂ ಗಾಳಿ ಹೋಗ್ಬೇಕಲ್ವಾ? ಪೆಟ್ರೋಲ್ ಖಾಲಿ ಆದಷ್ಟೂ ಒಳಗೆ ಗಾಳಿ ಬರ್ಬೇಕು. ಬರ್ದೆ ಹೋದ್ರೆ ಪಂಪು ಎಷ್ಟು ಅಂತ ಎಳೀತೈತೆ? ತುಂಬಿದ ಟ್ಯಾಂಕಲ್ಲಿ ಗಾಳಿಗೆ ಜಾಗನೇ ಕಮ್ಮಿ, ಬೇಗ ಬಿಗಿಯಾಗ್ತೈತೆ. ಅದಕ್ಕೇ ನಮ್ಮೂರಿಗೆ ಬರುವಾಗ್ಲೇ ನಿಲ್ಲೋದು. ಇನ್ನೊಂದ್ ಸಲ ನಿಂತ್ರೆ ಮುಚ್ಚಳ ಮುಟ್ಬೇಡಿ. ಸುಮ್ನೆ ಕಾಯಿರಿ. ಹಂಗೇ ಸ್ಟಾರ್ಟ್ ಆದ್ರೆ ನಂದೇ ತಪ್ಪು."

"ಗಿರಾಕಿ ಬಂದ್ರು, ಇಡ್ತೀನಿ" ಅಂತ ಇಟ್ಟೆ. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಚಿಕ್ಕವಳಿದ್ದಾಗ ಇವಳು ಬಾನೆಟ್ ಎತ್ತಿದರೆ ಸಾಕು ಬಂದು ಇಣುಕುತ್ತಿದ್ದಳು. ಹೆಣ್ಣುಮಗಳ ಕೈಗೆ ಗ್ರೀಸ್ ಯಾಕೆ ಅಂತ ಅಟ್ಟುತ್ತಿದ್ದೆ. ಅದು ಸರಿಯೇ. ಆದರೂ ಬಸುರಿ ಏನೋ ಕೇಳಿದ್ದಾಳೆ. ಬೇರೆ ಬಸುರಿಯರು ಹುಣಸೆಕಾಯಿ ಕೇಳುತ್ತಾರೆ, ನನ್ನ ಮಗಳು ಇದನ್ನು ಕೇಳಿದ್ದಾಳೆ. ಬಯಕೆ ತೀರಿಸುವುದು ತಂದೆಯ ಧರ್ಮ. ಅದಕ್ಕೆ ಮಾತ್ರ ಹೋಗುತ್ತೇನೆ.

ಮಾರ್ಚ್ 23, ಮಂಗಳವಾರ

ಸಿಕ್ಕಿತು.

ನಾಗರತ್ನಳನ್ನು ಅಂಗಡಿಯಲ್ಲಿ ಕೂರಿಸಿ ಒಬ್ಬನೇ ಹೋಗಿದ್ದೆ. ಬೇಕಂತಲೇ ಟ್ಯಾಂಕ್ ತುಂಬಿಸಿದ್ದೆ. ಹಳ್ಳದ ಏರು ಹತ್ತುವಾಗ ಕೆಮ್ಮಿ ನಿಂತಿತು. ಕಾರು ನಿಂತದ್ದಕ್ಕೆ ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಮುಚ್ಚಳ ಮುಟ್ಟಲಿಲ್ಲ. ಬಾನೆಟ್ ಎತ್ತಿ ಎಂಜಿನ್ ತಣ್ಣಗಾಗಲು ಬಿಟ್ಟು ಮರದ ನೆರಳಿನಲ್ಲಿ ಕೂತೆ. ಕೈ ಸುಮ್ಮನಿರುತ್ತಿರಲಿಲ್ಲ, ಮತ್ತೆ ಮತ್ತೆ ಮುಚ್ಚಳದ ಕಡೆಗೇ ಹೋಗುತ್ತಿತ್ತು. ಎಂಜಿನ್ ಪೂರಾ ತಣ್ಣಗಾಯಿತು. ಸೆಲ್ಫ್ ತಿರುಗಿಸಿದೆ. ಇಲ್ಲ. ಇನ್ನೂ ಕೂತೆ. ಮತ್ತೆ ತಿರುಗಿಸಿದೆ. ಇಲ್ಲ.

ಆಮೇಲೆ ಹೋಗಿ ಮುಚ್ಚಳಕ್ಕೆ ಕಿವಿಯಿಟ್ಟು ಮೆಲ್ಲಗೆ ತಿರುಗಿಸಿದೆ. ಸುಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಬಹಳ ಹೊತ್ತು ಮುಳುಗಿದ್ದವನು ತಲೆ ಮೇಲೆತ್ತಿ ಉಸಿರೆಳೆದ ಹಾಗೆ. ಸೆಲ್ಫ್ ತಿರುಗಿಸಿದೆ, ಸ್ಟಾರ್ಟ್. ಆ ಏರಿನಲ್ಲಿ ಒಬ್ಬನೇ ನಿಂತು ನಕ್ಕೆ. ಸೌದೆ ಹೊತ್ತುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ರಸ್ತೆಯ ಆಚೆ ಬದಿಗೆ ಹೋಗಿ ನಡೆದಳು.

ಮುಚ್ಚಳ ಕೈಯಲ್ಲಿ ಹಿಡಿದು ನೋಡಿದೆ. ಅದರ ನಡುವೆ ಗಾಳಿಗೆ ಅಂತಲೇ ಒಂದು ಸೂಜಿತೂತು ಇರುತ್ತದೆ, ಅದು ಕಾಣಲೇ ಇಲ್ಲ. ಮೂಟೆ ಹೊಲಿಯುವ ದಬ್ಬಳ ಕಾರಿನಲ್ಲೇ ಇತ್ತು, ಅದರಿಂದ ಕೆರೆದೆ. ಮೊದಲು ಕುಂಕುಮ ಉದುರಿತು. ಅದರ ಕೆಳಗೆ ಗಂಧ, ಅದರ ಕೆಳಗೆ ವಿಭೂತಿ, ಮತ್ತೆ ಕುಂಕುಮ. ಗಾರೆಯ ಹಾಗೆ ಗಟ್ಟಿ. ಅಷ್ಟು ವರ್ಷದ ಆಯುಧಪೂಜೆಯೆಲ್ಲ ಅಲ್ಲಿ ಕೂತಿತ್ತು. ಶಿವನೇ, ಭಕ್ತಿಯಿಂದ ಹಚ್ಚಿದ್ದಪ್ಪ. ಇಷ್ಟು ದಿನ ಯಾಕೆ ನಿಲ್ಲಲಿಲ್ಲ ಅನ್ನುವುದೂ ಹೊಳೆಯಿತು. ಹಳೆಯ ವಾಷರು ಸೀಳು ಬಿಟ್ಟಿತ್ತು, ಆ ಸಂದಿಯಲ್ಲಿ ಗಾಳಿ ಹೋಗುತ್ತಿತ್ತು. ಅದನ್ನು ತೆಗೆದು ನಾನು ದಪ್ಪ ವಾಷರ್ ಕೂರಿಸಿದೆ. ಮಗಳಿಗೆ ವಾಸನೆ ಬರಬಾರದು ಅಂತ ಕೂರಿಸಿದ್ದು ಕಾರಿನ ಉಸಿರನ್ನೇ ಕಟ್ಟಿತು.

ಇರಲಿ. ವರ್ಕ್‌ಶಾಪಿನವರಿಗೂ ಸಿಗದ ಕಾಯಿಲೆಯನ್ನು ಹಿಡಿದೆನಲ್ಲ, ಅದು ದೊಡ್ಡದು.

ಮಾರ್ಚ್ 24, ಬುಧವಾರ

ರವಿಗೆ ಮುಚ್ಚಳ ತೋರಿಸಿ ಎಲ್ಲ ವಿವರಿಸಿದೆ. "ಯಜಮಾನ್ರೇ, ನಿಮ್ ತಲೇನೇ ತಲೆ. ನಾನು ಪಂಪು, ಜೆಟ್ಟು ಅಂತ ಮುಂದ್ಗಡೆನೇ ಹುಡುಕ್ತಿದ್ದೆ, ಹಿಂದ್ಗಡೆ ನೋಡ್ಲೇ ಇಲ್ಲ ನೋಡಿ" ಅಂತ ಟೀ ತರಿಸಿದ. ಕುಡಿದು ಬಂದೆ. ಫೋನಿನ ವಿಚಾರ ಹೇಳಲಿಲ್ಲ. ವರ್ಕ್‌ಶಾಪಿನಲ್ಲಿ ಹೆಣ್ಣುಮಕ್ಕಳ ಹೆಸರು ಎತ್ತಬಾರದು.

ಸಂಜೆ ಚಂದ್ರಿಕಾಗೆ ಫೋನು ಮಾಡಿದೆ. ಸಿಕ್ಕಿತು ಅಂದೆ. ಅವಳು ಕೇಳಿದ ಮೊದಲ ಮಾತು, "ಶಬ್ದ ಬಂತಾ ಅಪ್ಪಾಜಿ? ಹೆಂಗೆ ಬಂತು?"

ಬಂದ ಹಾಗೆಯೇ ಬಾಯಲ್ಲಿ ಮಾಡಿ ತೋರಿಸಿದೆ. ಬೆಲ್ಲ ಕೊಳ್ಳಲು ಬಂದಿದ್ದ ತಿಮ್ಮಯ್ಯ ಹಾವು ಬಂತೇನೋ ಅಂತ ಕಾಲೆತ್ತಿದ. ಆ ಕಡೆ ಚಂದ್ರಿಕಾ ಬಿದ್ದೂ ಬಿದ್ದೂ ನಕ್ಕಳು. "ಇನ್ನೊಂದ್ ಸಲ ಮಾಡಿ" ಅಂದಳು. ಮಾಡಿದೆ.

ಮಾರ್ಚ್ 30, ಮಂಗಳವಾರ

ಈಗ ಚಂದ್ರಿಕಾ ದಿನಾ ಫೋನು ಮಾಡುತ್ತಾಳೆ, ಅವಳು ಮಾಡದಿದ್ದರೆ ನಾನು. ಇವತ್ತು ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಯಾಕೆ ಉಕ್ಕುವುದಿಲ್ಲ ಅಂತ ಕೇಳಿದಳು. ಒಳಗೊಂದು ತೇಲುವ ಬುಂಡೆ ಇದೆ, ಪೆಟ್ರೋಲ್ ಏರಿದರೆ ಅದೂ ಏರಿ ಸೂಜಿಯಿಂದ ಬಾಗಿಲು ಹಾಕುತ್ತದೆ ಅಂದೆ. "ಹಂಗಾದ್ರೆ ಸೂಜಿ ಸವೆದ್ರೆ ಪೆಟ್ರೋಲ್ ವಾಸ್ನೆ ಬರ್ಬೇಕಲ್ವಾ? ಸಂಕ್ರಾಂತೀಲಿ ಬಂದಿದ್ದು ಹಿಂದಿನ ಸೀಟಲ್ಲಿ, ಅದು ಮುಚ್ಚಳದ್ದೇ" ಅಂತ ತಾನೇ ತೀರ್ಮಾನ ಮಾಡಿದಳು. ಒಂದು ಸಲ ಹೇಳಿದರೆ ಸಾಕು. ರವಿಗೆ ಮೂರು ಸಲ ಹೇಳಬೇಕು.

ಕಾಲು ಸ್ವಲ್ಪ ಊದಿದೆಯಂತೆ. ಸಂಜೆ ಬಿಸಿನೀರಲ್ಲಿ ಇಡು ಅಂದೆ. ಹುಳಿ ತಿನ್ನಬೇಕು ಅನ್ನಿಸುತ್ತದಂತೆ, ಅಲ್ಲಿ ಕೇಳಲು ಸಂಕೋಚವಂತೆ. ನಾಗರತ್ನ ನಿಂಬೆಹಣ್ಣಿನ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ. "ಒಂದು ಕಾಲದಲ್ಲಿ ಮಗಳ ಜೊತೆ ಎರಡು ಮಾತಾಡಿ ಅಂತ ನಾನೇ ತಳ್ಬೇಕಿತ್ತು, ಈಗ ಫೋನು ನಂಗೇ ಸಿಗ್ತಿಲ್ಲ" ಅಂತ ಗೊಣಗಿದಳು.

ಮುಚ್ಚಳಕ್ಕೆ ಹೊಸ ತೂತು ತೆಗೆದಿದ್ದೇನೆ. ಕಾರು ಚೆನ್ನಾಗಿದೆ.

ಏಪ್ರಿಲ್ 4, ಭಾನುವಾರ

ಟ್ಯಾಂಕ್ ಬಾಯಿ ತನಕ ತುಂಬಿಸಿ ಹೊಂಗಡಹಳ್ಳಕ್ಕೆ ಹೋದೆ. ಹಳ್ಳದ ಏರನ್ನು ಎರಡನೇ ಗೇರಿನಲ್ಲಿ ಎಳೆದುಕೊಂಡು ಹೋಯಿತು. ಬೀಗರ ಅಂಗಳಕ್ಕೆ ನುಗ್ಗಿಸಿ, ತುಳಸಿಕಟ್ಟೆಯನ್ನು ಒಂದು ಸುತ್ತು ಹಾಕಿ, ಹಾರ್ನ್ ಹೊಡೆದು ನಿಲ್ಲಿಸಿದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬೀಗರೇ, ಮೆಕ್ಯಾನಿಕ್ಕಿಗೇ ಗೊತ್ತಾಗದ್ದನ್ನು ಈ ಮಗ್ಗೆ ಸಿದ್ದಯ್ಯ ಹಿಡಿದ ಅಂತ. ಎಲ್ಲಿ ನಿಲ್ಲಿಸಿ ಎಲ್ಲಿ ನಗಬೇಕು ಅನ್ನುವುದೂ ತೀರ್ಮಾನವಾಗಿತ್ತು. ನಂಜುಂಡಯ್ಯನವರು, ಅಳಿಯ ದಯಾನಂದ, ಕೆಲಸದವರು ಎಲ್ಲ ಬಂದು ನಿಂತರು.

"ನಿಲ್ದೆ ಬಂತಲ್ಲ. ಯಾವ ಮೆಕ್ಯಾನಿಕ್ ಹಿಡಿದ ಬೀಗ್ರೇ?"

"ನಿಮ್ ಸೊಸೆ" ಅಂದೆ.

ಅಷ್ಟು ಜೋಡಿಸಿಕೊಂಡಿದ್ದ ಮಾತು ಎಲ್ಲಿ ಹೋಯಿತೋ. ನಂಜುಂಡಯ್ಯನವರು ಗೊಳ್ಳನೆ ನಕ್ಕರು. "ನಮ್ ಮನೆ ಸೊಸೆ? ಕೂತ ಕಡೆಯಿಂದ ಏಳ್ದೆ ಕಾರು ರಿಪೇರಿ ಮಾಡುದ್ಲಾ?" ಕೆಲಸದವರೂ ನಕ್ಕರು. ಆಗ ನನಗೆ ಬಂತು ನೋಡಿ ಸಿಟ್ಟು. ಕಾರಿಗೆ ಮಂಡಿನೋವು ಅಂದಾಗಲೂ ಇಷ್ಟು ಬಂದಿರಲಿಲ್ಲ.

"ನಗ್ಬೇಡಿ ಬೀಗ್ರೇ. ನಾನು ಮೂರು ಸಲ ಆ ಏರಲ್ಲಿ ನಿಂತು ನೋಡಿದೀನಿ, ನಂಗೆ ಕಾಣ್ಲಿಲ್ಲ. ರವಿ ಎಂಜಿನ್ ಬಿಚ್ಚಿ ನೋಡಿದಾನೆ, ಅವನಿಗೆ ಕಾಣ್ಲಿಲ್ಲ. ಇವ್ಳು ಕಾರು ನೋಡ್ದೆ, ಬರೀ ನಾನು ಹೇಳಿದ್ದು ಕೇಳಿಸ್ಕೊಂಡು ಹಿಡಿದಿದಾಳೆ" ಅಂತ ಮುಚ್ಚಳ ತೆಗೆದು ತೋರಿಸಿ, ಎಣ್ಣೆ ಡಬ್ಬದ ಎರಡು ತೂತಿನಿಂದ ಹಿಡಿದು ಪೂರಾ ಹೇಳಿದೆ. ಕುಂಕುಮ ಕೆರೆದದ್ದನ್ನೂ ಹೇಳಿದೆ. ನಗು ನಿಂತಿತು. ದಯಾನಂದ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ನೋಡಿದ. ಚಂದ್ರಿಕಾ ಬಾಗಿಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಯಾಕೆ ಬಂತೋ ಗೊತ್ತಿಲ್ಲ. ಬಸುರಿಯರಿಗೆ ಹಾಗೆ ಸುಮ್ಮಸುಮ್ಮನೆ ಬರುತ್ತದೆ ಅನ್ನುತ್ತಾರೆ.

ನಂಜುಂಡಯ್ಯನವರು ಮೀಸೆ ಸವರಿಕೊಂಡರು. "ಕರ್ಕೊಂಡೋಗಿ. ಆದ್ರೆ ನಾನು ಜೀಪಲ್ಲಿ ಹಿಂದೇನೇ ಬರ್ತೀನಿ, ಹಗ್ಗ ಮಡಿಕ್ಕೊಂಡು. ನಂಬಿಕೆ ಬೇರೆ, ಸೊಸೆ ಬೇರೆ" ಅಂದರು. ಆಗಲಿ ಅಂದೆ. ಇಂದ್ರಮ್ಮ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ತಂದುಕೊಟ್ಟರು.

ಏಪ್ರಿಲ್ 5, ಸೋಮವಾರ

ಆಲೂರಿಗೆ ಸಾಮಾನು ತರಲು ಹೋದವನು ರವಿಯ ಹತ್ತಿರವೂ ವಿಚಾರ ಹೇಳಿಬಂದೆ, ಕಾಯಿಲೆ ಹಿಡಿದದ್ದು ನಮ್ಮ ಚಂದ್ರಿಕಾ ಅಂತ. "ಅಕ್ಕ ಬಂದ್ಮೇಲೆ ಹೇಳಿ, ನಂದೊಂದು ಅಂಬಾಸಿಡರ್ ತಲೆ ತಿನ್ತಾ ಐತೆ" ಅಂದ. ಅವಳಿಗೆ ಪುರುಸೊತ್ತಿದ್ದರೆ ಕೇಳುತ್ತೇನೆ ಅಂದೆ.

ಏಪ್ರಿಲ್ 11, ಭಾನುವಾರ

ಸೀಮಂತ ಚೆನ್ನಾಗಿ ಆಯಿತು. ಮೊಣಕೈ ತನಕ ಹಸಿರು ಬಳೆ, ಹಸಿರು ಸೀರೆ. ಹೆಂಗಸರೆಲ್ಲ ಮಡಿಲು ತುಂಬಿದರು. ಮುತ್ತೈದೆಯರ ನಡುವೆ ಕೂತಿದ್ದ ಮಗಳನ್ನು ನೋಡಿ, ಇವಳು ನನ್ನ ಮಗಳು ಅಂತ ಅಲ್ಲಿದ್ದವರನ್ನೆಲ್ಲ ಕರೆದು ಹೇಳಬೇಕು ಅನ್ನಿಸಿತು. ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೂ ಅನ್ನಿಸಿತು.

ಬಿಸಿಲು ಇಳಿದ ಮೇಲೆ ಹೊರಟೆವು. ಚಂದ್ರಿಕಾ ಮುಂದಿನ ಸೀಟಿನಲ್ಲೇ ಕೂರುತ್ತೇನೆ ಅಂದಳು. ನಾಗರತ್ನ ಹಿಂದೆ, ಬುಟ್ಟಿಗಳ ನಡುವೆ. ನಂಜುಂಡಯ್ಯನವರ ಜೀಪು ನಮ್ಮ ಹಿಂದೆ, ಹಗ್ಗದ ಸಮೇತ.

ದಾರಿಯಲ್ಲಿ ಚಂದ್ರಿಕಾ ಒಂದು ವಿಷಯ ಹೇಳಿದಳು. ಶಾಲೆಗೆ ಹೋಗುತ್ತಿದ್ದಾಗ ನನ್ನ ಕಾರು ಊರ ಹೊರಗೆ ತಿರುಗುವಾಗಲೇ ಶಬ್ದದಲ್ಲಿ ಗುರುತು ಹಿಡಿಯುತ್ತಿದ್ದಳಂತೆ. ಗೇರು ಇಳಿಸುವ ರೀತಿ ಕೇಳಿಯೇ ಅಪ್ಪಾಜಿಗೆ ಇವತ್ತು ಕೋಪವೋ ಇಲ್ಲವೋ ಅಂತ ಗೊತ್ತಾಗುತ್ತಿತ್ತಂತೆ. "ಕೋಪ ಇದ್ರೆ ಗೇರು ಕಿರ್ ಅಂತಿತ್ತು. ನಾನು ಪುಸ್ತಕ ತಗೊಂಡು ಕೂತ್ಕೋತಿದ್ದೆ. ನೀವು ಬಂದು, ನೋಡು ಎಷ್ಟು ಓದ್ತಾಳೆ ಅಂತಿದ್ರಿ." ನಾಗರತ್ನ ಹಿಂದಿನಿಂದ, "ನಾನೂ ಹಂಗೇ ಸಾರಿಗೆ ಒಗ್ಗರಣೆ ಹಾಕ್ತಿದ್ದೆ" ಅಂದಳು. ಮೂವರೂ ನಕ್ಕೆವು. ಇಬ್ಬರೂ ಸೇರಿಕೊಂಡು ಇಷ್ಟು ವರ್ಷ ನನಗೆ ಟೋಪಿ ಹಾಕಿದ್ದಾರೆ.

ನಗುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನನ್ನ ತೋಳು ಹಿಡಿದಳು. "ಅಪ್ಪಾಜಿ, ಸ್ವಲ್ಪ ನಿಲ್ಸಿ. ಮಗು ಒದೀತಾ ಐತೆ, ಉಸ್ರು ಹಿಡಿದಂಗಾಯ್ತು."

ಅಲ್ಲೇ ಬದಿಗೆ ತೆಗೆದು ಎಂಜಿನ್ ಆರಿಸಿದೆ. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಅವಳ ಬಾಗಿಲು ತೆಗೆದು, ನೀರು ಕುಡಿಸಿದೆ. ನಾಗರತ್ನ ಬೆನ್ನು ನೀವಿದಳು. ಅಷ್ಟರಲ್ಲಿ ಜೀಪು ಬಂದು ನಿಂತಿತು. ನಂಜುಂಡಯ್ಯನವರು ಹಗ್ಗ ಹಿಡಿದುಕೊಂಡೇ ಇಳಿದರು. ಅವರ ಮುಖದಲ್ಲಿ ನಗು ಇರಲಿಲ್ಲ, ಭಯ ಇತ್ತು.

"ನಾನು ಹೇಳ್ಳಿಲ್ವಾ ಬೀಗ್ರೇ? ನಿಂತೋಯ್ತಾ?"

"ನಿಲ್ಸಿದೀನಿ ಬೀಗ್ರೇ. ನನ್ ಮಗಳಿಗೆ ಸುಧಾರಿಸ್ಕೋಬೇಕು" ಅಂದೆ.

ಅವರು ಹಗ್ಗವನ್ನು ಜೀಪಿನೊಳಗೆ ಎಸೆದು ಬಂದು, ರಸ್ತೆ ಬದಿಯಲ್ಲಿ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಎಲೆ ಅಡಿಕೆ ತೆಗೆದು ನನಗೂ ಕೊಟ್ಟರು. ಇಬ್ಬರೂ ಅಗಿಯುತ್ತಾ ಅವಳನ್ನೇ ನೋಡುತ್ತ ಕೂತಿದ್ದೆವು. ಅವಳ ಮುಖ ತಿಳಿಯಾಯಿತು. "ಈಗ ಸರಿಹೋಯ್ತು, ನಡೀರಿ" ಅಂದಳು. "ಇನ್ನು ನಾನ್ಯಾಕೆ ಬರ್ಲಿ, ನೀವು ಹೊರಡಿ. ಹುಷಾರು ಕಣವ್ವ" ಅಂತ ಅವಳ ತಲೆ ಮುಟ್ಟಿ ಬೀಗರು ಅಲ್ಲಿಂದಲೇ ಜೀಪು ತಿರುಗಿಸಿಕೊಂಡು ಹೋದರು.

ವಾಪಸ್ಸು ಇಳಿಯುವಾಗ ನಿಲ್ಲಿಸಿದ್ದು ಅದೇ ಹಳ್ಳದ ಏರಿನ ಮಧ್ಯದಲ್ಲಿ ಅನ್ನುವುದು ನನಗೆ ಈಗ, ಇದನ್ನು ಬರೆಯುವಾಗ ಹೊಳೆಯುತ್ತಿದೆ. ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಅಂತ ಅಲ್ಲಿ ಯೋಚನೆಯೇ ಬರಲಿಲ್ಲ. ಸೆಲ್ಫ್ ಒಂದೇ ಸಲಕ್ಕೆ ಹಿಡಿಯಿತೋ ಎರಡು ಸಲ ತಿರುಗಿಸಿದೆನೋ, ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಗ್ಗೆ ಸೇರಿದೆವು. ಅಕ್ಕಪಕ್ಕದವರು ಆರತಿ ಹಿಡಿದು ಕಾಯುತ್ತಿದ್ದರು. ಈಗ ಚಂದ್ರಿಕಾ ಒಳಗೆ ಉಪ್ಪಿನಕಾಯಿ ನೆಕ್ಕಿಕೊಂಡು ಮೊಸರನ್ನ ತಿನ್ನುತ್ತಿದ್ದಾಳೆ, ನಾಗರತ್ನ ಇನ್ನೊಂದು ತುತ್ತು ಅಂತ ಬೈಯುತ್ತಿದ್ದಾಳೆ.

ಕಾರಿನ ಬಗ್ಗೆ ಬರೆಯುವುದಕ್ಕೆ ಇವತ್ತು ಏನೂ ಇಲ್ಲ. ಮಗಳು ಮನೆಗೆ ಬಂದಿದ್ದಾಳೆ.